ಹಳಿಗೆ ರೈಲಿನ ಹೆಸರಿಡಬೇಡಿ ಮಾರಾಯ್ರೆ

ಎಲ್ಲರೂ ತಿದ್ದಬಹುದಾದ ಒಂದು ಆನ್‌ಲೈನ್ ಮ್ಯಾಪಿನಲ್ಲಿ ನಾನು ಹೊತ್ತಲ್ಲದ ಹೊತ್ತಿನಲ್ಲಿ ಕೆರೆ, ಕಾಲುದಾರಿ ಸೇರಿಸುತ್ತಾ ಕೂರುವುದು ನಿಮಗೆಲ್ಲ ಗೊತ್ತೇ ಇದೆ. ಈಗಷ್ಟೇ ತೆರೆದು ನೋಡಿದೆ, ತಲೆ ಕೆಟ್ಟುಹೋಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ, ಸುಮಾರು 55 ಕಿ.ಮೀ., 57 ಸುರಂಗ, ಅಷ್ಟುದ್ದಕ್ಕೂ ಯಾರೋ ಮಹಾನುಭಾವರು ಒಂದು ಎಕ್ಸ್‌ಪ್ರೆಸ್ ರೈಲಿನ ಹೆಸರು ಬರೆದಿದ್ದಾರೆ! ಅದೇ ಹಳಿ ಮೇಲೆ ಬೇರೆ ರೈಲೂ ಓಡುತ್ತೆ, ಗೂಡ್ಸೂ ಓಡುತ್ತೆ. ಬಸ್ಸಿನ ಬೋರ್ಡು ನೋಡಿ ರಸ್ತೆಗೆ ಹೆಸರಿಟ್ಟ ಹಾಗಾಯಿತು.

ನಮ್ಮ ಕಡೆ ಲೈನು ಅಂದರೆ ಅದು ಎಲ್ಲಿಗೆ ಹೋಗುತ್ತೆ ಅನ್ನುವುದೇ ಹೆಸರು. ಹಾಸನವನ್ನೇ ನೋಡಿ. ಒಂದು ಅರಸೀಕೆರೆಗೆ, ಒಂದು ಹೊಳೆನರಸೀಪುರದ ಮೇಲೆ ಮೈಸೂರಿಗೆ, ಒಂದು ಘಾಟಿ ಇಳಿದು ಮಂಗಳೂರಿಗೆ, 2017ರಲ್ಲಿ ಪೂರ್ತಿಯಾದ ಇನ್ನೊಂದು ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ. ಹಾಸನದವರ ಅರಸೀಕೆರೆ ಲೈನು ಅರಸೀಕೆರೆಯವರಿಗೆ ಹಾಸನ ಲೈನು. ಇಬ್ಬರದೂ ಸರಿ. ರೈಲ್ವೆಯವರು ಎರಡೂ ತುದಿ ಸೇರಿಸಿ ಅರಸೀಕೆರೆ–ಹಾಸನ ಸೆಕ್ಷನ್ ಅನ್ನುತ್ತಾರೆ. ಇದನ್ನು ಬರೆಯುವುದಕ್ಕೆ ಏನು ಕಷ್ಟ?

"ಮುಂಬೈಯಲ್ಲಿ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಅಂತ ಚೊಕ್ಕ ಹೆಸರಿದೆ, ದೇಶಕ್ಕೆಲ್ಲ ಒಂದೇ ಪದ್ಧತಿ ಇದ್ದರೆ ಹುಡುಕುವುದು ಸುಲಭ ಅಲ್ವಾ" ಅಂತ ಒಬ್ಬರ ವಾದ. ಸ್ವಾಮಿ, ಮುಂಬೈಯ ಜನ ಆ ಹೆಸರು ಹೇಳಿಕೊಂಡೇ ಲೋಕಲ್ ಹತ್ತುತ್ತಾರೆ, ಅಲ್ಲಿಗೆ ಅದು ಸರಿ. ನಮ್ಮ ಮೆಟ್ರೋಗೆ ನೇರಳೆ, ಹಸಿರು ಅಂತಿದೆ, ಅದನ್ನೂ ಹಾಗೇ ಬರೆಯಿರಿ. ಅಂದಮಾತ್ರಕ್ಕೆ ಘಾಟಿಗೂ ಬಣ್ಣ ಬಳಿಯುತ್ತೀರಾ?

ಕರಾವಳಿಯದು ಇನ್ನೊಂದು ಕಥೆ. ಕೊಂಕಣ ರೈಲ್ವೆ ಅನ್ನುವ ಹೆಸರನ್ನು ಮಂಗಳೂರು ಸೆಂಟ್ರಲ್‌ವರೆಗೂ ಎಳೆದು ತಂದಿದ್ದಾರೆ. ಅದು ಮಹಾರಾಷ್ಟ್ರದ ರೋಹಾದಲ್ಲಿ ಶುರುವಾಗಿ ಮಂಗಳೂರಿಗೆ ಮುಂಚೆಯೇ ಸಿಗುವ ತೋಕೂರಿನಲ್ಲಿ ಮುಗಿಯುತ್ತೆ. ಅಲ್ಲಿಂದಾಚೆ ದಕ್ಷಿಣ ರೈಲ್ವೆ, ಪಾಲಕ್ಕಾಡ್ ವಿಭಾಗ. ಉಡುಪಿಯವರು ಕೊಂಕಣ ರೈಲ್ವೆ ಅಂದರೆ ಸರಿ, ಸೆಂಟ್ರಲ್‌ನಲ್ಲಿ ನಿಂತು ಹಳಿ ತೋರಿಸಿ ಹಾಗಂದರೆ ತಪ್ಪು. ಇಷ್ಟು ಗೊತ್ತಿಲ್ಲದವರಿಗೆ ದೇಶಕ್ಕೆಲ್ಲ ಪದ್ಧತಿ ಮಾಡುವ ಉಮೇದು ಬೇರೆ!

ಇದಕ್ಕೆಲ್ಲ ಇಷ್ಟು ಕೂಗಾಡುತ್ತೀಯಲ್ಲ ಅಂತ ಮನೆಯಲ್ಲೂ ಬೈಸಿಕೊಂಡಾಯಿತು. ಏನು ಮಾಡಲಿ, ನನಗೆ ರೈಲು ಹತ್ತುವುದಕ್ಕಿಂತ ಮ್ಯಾಪಿನಲ್ಲಿ ಹಳಿ ಹಿಡಿದು ಹೋಗುವುದೇ ಜಾಸ್ತಿ ಖುಷಿ. ರೈಲಿನ ಹೆಸರು ಹಾಕಲೇಬೇಕು ಅಂದರೆ ಅದೇ ಮ್ಯಾಪಿನಲ್ಲಿ ಬೇರೆ ಜಾಗ ಇದೆ. ಹಳಿ ಬೇರೆ, ಗಾಡಿ ಓಡುವ ರೂಟು ಬೇರೆ. ಘಾಟಿಯದನ್ನು ತಿದ್ದಿದ್ದೇನೆ. ಮತ್ತೆ ಯಾರಾದರೂ ಸುಮ್ನೆ ಬದಲಿಸಿದರೆ ಇನ್ನೊಂದು ಇಷ್ಟೇ ಉದ್ದದ ಪೋಸ್ಟ್ ಓದಬೇಕಾಗುತ್ತೆ ನೀವು. ಕೊಂಕಣ ರೈಲ್ವೆ ಹೆಸರನ್ನು ತೋಕೂರಿಗೇ ನಿಲ್ಲಿಸುವ ಕೆಲಸ ಬಾಕಿ ಇದೆ, ಮಂಗಳೂರಿನವರು ಕೈ ಹಾಕಿ.