ಮುದ್ದೆಗೆ ಪ್ರವೇಶವಿಲ್ಲದ ಹೊಳೆ

ಡಬ್ಬಿಯಲ್ಲಿ ರಾಗಿ ಮುದ್ದೆ ಕಟ್ಟಿಕೊಂಡು ಮೀನು ಹಿಡಿಯಲು ಹೋಗಿ ಪೆಚ್ಚಾದ ಮಳವಳ್ಳಿಯವನು ಕೊಲೊರಾಡೊದಲ್ಲಿ ನಾನೊಬ್ಬನೇ ಇರಬೇಕು. ಡೆನ್ವರ್‌ನಿಂದ ಶನಿವಾರ ಬೆಳಿಗ್ಗೆ ಹೊರಟು ಸೌತ್ ಪ್ಲಾಟ್ ನದಿಯ ಚೀಸ್‌ಮನ್ ಕಣಿವೆಗೆ ಇಳಿದಿದ್ದೆ. ಮುದ್ದೆ ಚಿವುಟಿ ಗಾಳಕ್ಕೆ ಮೆತ್ತುತ್ತಿದ್ದಾಗ ಪಕ್ಕದಲ್ಲಿದ್ದ ಮುದುಕರೊಬ್ಬರು ಕೆಮ್ಮಿದರು. ಈ ಕಣಿವೆಯಲ್ಲಿ ತಿನ್ನುವ ಎರೆ ಹಾಕುವಂತಿಲ್ಲವಂತೆ. ಗರಿ, ನೂಲು ಸುತ್ತಿದ ಹುಸಿ ನೊಣ ಅಥವಾ ಅಂಥದೇ ಕೃತಕ ಎರೆ ಮಾತ್ರ. ಸಿಕ್ಕ ಟ್ರೌಟ್ ಮೀನು ಮತ್ತೆ ನೀರಿಗೇ. ‘ಅದು ಹಿಟ್ಟೇ?’ ಎಂದು ಕೇಳಿದರು. ನಮ್ಮೂರಿನಲ್ಲೂ ಅದನ್ನು ಹಿಟ್ಟು ಎಂದೇ ಕರೆಯುತ್ತೇವೆ, ಹೌದು ಎಂದೆ.

ನಮ್ಮ ಕಾವೇರಿಯ ಮುತ್ತತ್ತಿ, ಭೀಮೇಶ್ವರಿಯ ಮಡುಗಳಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ಇದೇ ಹಿಟ್ಟು ಹಾಕುತ್ತಿದ್ದರು. ಸಮುದ್ರ ದಾಟಿ ಬಂದ ದೊರೆಗಳೂ ದುಬಾರಿ ಗಾಳಕ್ಕೆ ಅದನ್ನೇ ಉಂಡೆ ಕಟ್ಟಿದರು. ಇಲ್ಲಿ ನೋಡಿದರೆ ಅದು ಅಪರಾಧ! ಎರೆ ಹಾಕಲೇಬೇಕೆಂದರೆ ಇಲೆವೆನ್ ಮೈಲ್ ಜಲಾಶಯಕ್ಕೆ ಹೋಗಬಹುದು. ಹದಿನಾರು ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು.

ರಾತ್ರಿ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ಬಿಡುವುದಕ್ಕೆ ಹಿಡಿಯುವುದೇಕೆ?’ ಎಂದು ನಕ್ಕರು. ನಾನೂ ನಕ್ಕೆ, ಆಮೇಲೆ ಸಿಟ್ಟು ಬಂತು. ನನಗೆ ಹತ್ತು ವರ್ಷವಿದ್ದಾಗ ಹೊಳೆಯಲ್ಲಿ ಸಿಡಿಮದ್ದು ಸಿಡಿಸಿದ ಸದ್ದು ಮನೆಗೇ ಕೇಳಿತ್ತು. ಓಡಿಹೋಗಿ ನೋಡಿದರೆ ಕಿರುಬೆರಳಿನಷ್ಟು ಮರಿಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಂದು ಇಡೀ ಬೀದಿಯಲ್ಲಿ ಮೀನಿನ ಸಾರು. ನಾನೂ ಎರಡು ಸಲ ಹಾಕಿಸಿಕೊಂಡೆ. ಮೈಸೂರಿನ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡು, ಅಂದರೆ ಐವತ್ತನಾಲ್ಕು ಕಿಲೋ ತೂಗಿತ್ತು. ಆ ಗೂನುಬೆನ್ನಿನ ಬಿಳಿಮೀನನ್ನು 2018ರಲ್ಲಿ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿದರು. ಇಲ್ಲಿಯವರು ಮೊಣಕೈಯುದ್ದದ ಟ್ರೌಟ್ ಒಂದನ್ನು ಒದ್ದೆ ಕೈಯಲ್ಲಿ ಹಿಡಿದು, ಅದರ ಉಸಿರು ಮರಳುವವರೆಗೆ ನೀರಿನೊಳಗೇ ಇಟ್ಟುಕೊಂಡು, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಬಿಡುತ್ತಾರೆ. ಮುತ್ತತ್ತಿಯ ದಡದಲ್ಲಿ ನಾವು ಬಿಟ್ಟುಬರುವುದು ಊಟದ ಎಲೆ, ಒಡೆದ ಬಾಟಲಿ.

ದೊಡ್ಡಪ್ಪ ಸುಮ್ಮನಿರಲಿಲ್ಲ. ಮುತ್ತತ್ತಿಯ ಕಾವೇರಿ ಅಭಯಾರಣ್ಯದಲ್ಲಿ ಈಗ ಗಾಳ ಹಾಕುವುದೇ ನಿಷಿದ್ಧ, ಹಿಡಿದು ಬಿಡುವವರಿಗೂ ಅವಕಾಶವಿಲ್ಲ, ನಿನ್ನ ಅಮೆರಿಕಕ್ಕಿಂತ ನಮ್ಮ ಕಾನೂನೇ ಬಿಗಿ ಎಂದರು. ಅದು ನಿಜ. ಗಾಳದವರು ಹೋದ ಮೇಲೆ ಕಳ್ಳಬಲೆಯವರನ್ನು ನೋಡುವ ಕಣ್ಣೂ ಕಡಿಮೆಯಾಯಿತು ಎಂದು ಅವರೇ ಮೆಲ್ಲಗೆ ಸೇರಿಸಿದರು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಾನು ಕೊಂಡಾಡಿದ ಈ ಹೊಳೆಯ ಬ್ರೌನ್ ಟ್ರೌಟ್ ಯೂರೋಪಿನಿಂದ ತಂದು ಬಿಟ್ಟ ಮೀನು. ಇಲ್ಲಿನ ಹಳೆಯ ಒಕ್ಕಲಾದ ಗ್ರೀನ್‌ಬ್ಯಾಕ್ ಕಟ್‌ಥ್ರೋಟ್ ಟ್ರೌಟ್ ನಿರ್ನಾಮವಾಯಿತೆಂದೇ ಒಂದು ಕಾಲಕ್ಕೆ ನಂಬಿದ್ದರು. ಕಾವೇರಿಯಲ್ಲೂ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿರೆಕ್ಕೆಯ ಬಿಳಿಮೀನು ನಮ್ಮ ಗೂನುಬೆನ್ನಿನದರ ಜಾಗ ಹಿಡಿಯಿತು. ಮರಿ ತಂದು ಬಿಡುವ ಚಪಲದಲ್ಲಿ ಇಬ್ಬರೂ ಒಂದೇ.

ಅಂದು ಸಂಜೆ ಕಾರಿನ ಬಳಿ ಕುಳಿತು ಮುದ್ದೆಯನ್ನು ನಾನೇ ತಿಂದೆ, ಸಾರಿಲ್ಲದೆ. ಮುದುಕರಿಗೂ ಒಂದು ತುತ್ತು ಕೊಟ್ಟೆ. ಬಹಳ ಹೊತ್ತು ಅಗಿದರು. ನಮ್ಮಲ್ಲೂ ಒಂದು ನಿಯಮವಿದೆ ಎಂದು ಹೇಳೋಣವೆನ್ನಿಸಿತು. ಬೋರ್ಡು ಇರಲಿಲ್ಲವಲ್ಲ, ಬಿಟ್ಟೆ.