ಕುದುರೆಯನ್ನು ಕರೆದುಕೊಂಡು ಬನ್ನಿರಿ

ನಿನ್ನೆಯಿಂದ ತಲೆ ಬಿಸಿಯಾಗಿದೆ. ಬರೆದೇ ತಣ್ಣಗಾಗಬೇಕು.

ಸಾಂಗಲಿ ಜಿಲ್ಲೆಯ ಜತ್ತಿನಲ್ಲಿ ಜೀನು, ಲಗಾಮು ಹೊಲಿಯುವ ಕಾಕಾ ಅವರ ಅಂಗಡಿಗೆ ಹೋಗಿದ್ದೆ. ನನ್ನಲ್ಲಿ ಕುದುರೆಯಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಅಜ್ಜ ಟಾಂಗಾ ಮಾರಿದ ಮೇಲೆ ನನಗೆ ಉಳಿದದ್ದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ತೊಗಲಿನ ವಾಸನೆಯ ಚಟವೊಂದೇ.

ಅಷ್ಟರಲ್ಲಿ ಜೀಪಿನಲ್ಲಿ ಒಬ್ಬ ಬಂದ. ಅಕಲೂಜಿನ ಕುದುರೆ ಬಾಜಾರಿನಲ್ಲಿ ಎರಡೂವರೆ ಲಕ್ಷ ಸುರಿದು ಹೆಣ್ಣು ಕುದುರೆ ತಂದಿದ್ದಾನಂತೆ. ಜೀನು ಬೇಕು.

"ಕುದುರೆ ಎಲ್ಲಿ?" ಎಂದರು ಕಾಕಾ.

ಆತ ಮೊಬೈಲ್ ಚಾಚಿದ. ಫೋಟೋದಲ್ಲಿ ಕುದುರೆಗಿಂತ ಆತನ ತಂಪು ಕನ್ನಡಕವೇ ಚೆನ್ನಾಗಿ ಕಾಣುತ್ತಿತ್ತು.

"ಕುದುರೆಯನ್ನು ಕರೆದುಕೊಂಡು ಬನ್ನಿರಿ, ಸಾಹುಕಾರರೇ. ಬೆನ್ನು ನೋಡದೆ ನಾನು ತೊಗಲು ಕೊಯ್ಯುವುದಿಲ್ಲ."

"ಇದೇನು ಹೆಣ್ಣು ನೋಡುವ ಶಾಸ್ತ್ರವೇ? ಸೈಜ್ ಹೇಳುತ್ತೇನೆ, ಹೊಲಿಯಿರಿ."

ಜೀನು ಬೆನ್ನೆಲುಬನ್ನು ಮುಟ್ಟಲೇಬಾರದು. ಭಾರ ಎರಡೂ ಮಗ್ಗುಲಿನ ಮಾಂಸಖಂಡಗಳ ಮೇಲೆ ಹರಡಬೇಕು, ಹೆಗಲ ದಿಬ್ಬದ ಮೇಲೆ ಎರಡು ಮೂರು ಬೆರಳು ನುಸುಳಬೇಕು. ಒಂದು ಕುದುರೆಯ ಹೆಗಲು ಚೂಪು, ಇನ್ನೊಂದರದು ಹಲಗೆ. ಫೋಟೋದಲ್ಲಿ ಯಾವ ಬೆರಳು ತೂರಿಸುವುದು? ಪಟ್ಟಿ ರಿಪೇರಿಗೆಂದು ಬಂದು ಹೊರಗೆ ನಿಂತಿದ್ದ ಮುದಿ ಕುದುರೆಯನ್ನು ಕಾಕಾ ತೋರಿಸಿದರು. ಕಂದು ಮೈಯಲ್ಲಿ ಅಂಗೈಯಗಲ ಬಿಳಿ ಕೂದಲು. ಹುಟ್ಟು ಮಚ್ಚೆಯಲ್ಲ, ಅಳತೆ ತಪ್ಪಿದ ಜೀನು ಒತ್ತಿ ಒತ್ತಿ ಮಾಡಿದ ಗುರುತು. ಗಾಯ ಮಾಯುತ್ತದೆ, ಬಣ್ಣ ಮರಳುವುದಿಲ್ಲ.

ನಮ್ಮ ಅಜ್ಜನ ಕುದುರೆಯ ಬೆನ್ನಿನಲ್ಲೂ ಅಂಥದ್ದೊಂದಿತ್ತು. ನಾವು ಮಕ್ಕಳು ಅದನ್ನು ಚಂದಪ್ಪ ಎಂದು ಕರೆದು, ಸರದಿಯಲ್ಲಿ ಮುಟ್ಟಿ ನಗುತ್ತಿದ್ದೆವು.

ಇರಲಿ. ಕಾನ್ಪುರದಲ್ಲಿ ರಾಶಿಗಟ್ಟಲೆ ಜೀನು ತಯಾರಾಗಿ ವಿದೇಶಕ್ಕೆ ಹೋಗುತ್ತವೆ, ಅವರೇನು ಪ್ರತಿ ಕುದುರೆಯನ್ನೂ ನೋಡುತ್ತಾರೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಇಲ್ಲ. ಅದಕ್ಕೇ ಬೇರೆ ಬೇರೆ ಅಗಲದಲ್ಲಿ ಮಾಡುತ್ತಾರೆ, ಕೊಂಡವನು ಬೆನ್ನ ಮೇಲಿಟ್ಟು ನೋಡಲೇಬೇಕು. ಸುತ್ತಿ ಬಳಸಿ ಮತ್ತೆ ಕುದುರೆಯ ಹತ್ತಿರವೇ ಬಂದೆವಲ್ಲ!

ಈ ಎಲ್ಲ ಮಾತಿನ ನಡುವೆಯೂ ಕಾಕಾ ಅವರ ಕೈ ನಿಂತಿರಲಿಲ್ಲ. ಜೇನುಮೇಣ ತೀಡಿದ ಒಂದೇ ಹುರಿ, ಎರಡು ತುದಿಗೆ ಎರಡು ಸೂಜಿ. ಆರಿಯಿಂದ ತೂತು, ಅದೇ ತೂತಿನಲ್ಲಿ ಎರಡೂ ಸೂಜಿ ಎದುರುಬದುರು ದಾಟುತ್ತವೆ. ಒಂದು ಹೊಲಿಗೆ ಹರಿದರೂ ಪಕ್ಕದ್ದು ಬಿಡುವುದಿಲ್ಲ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನದಕ್ಕೆ ಬರೀ ಕೊಕ್ಕೆ ಹಾಕಿರುತ್ತದೆ, ಒಂದು ಕಡಿದರೆ ಸಾಲೇ ಸಡಿಲ.

ಜೀಪಿನವನ ಭಕ್ತಿಯನ್ನೂ ಹೇಳಬೇಕು. ಚಿಕ್ಕೋಡಿ ಕಡೆಯ ಅಂಕಲಿಯಿಂದ ಪ್ರತಿವರ್ಷ ಪುಣೆ ಬಳಿಯ ಆಳಂದಿಗೆ ನಡೆದುಹೋಗುವ ಮೌಲಿಯ, ಅಂದರೆ ಸಂತ ಜ್ಞಾನೇಶ್ವರರ ಕುದುರೆ ಗೊತ್ತಲ್ಲ, ಬೆನ್ನ ಮೇಲೆ ಸವಾರನಿಲ್ಲದ್ದು? ಭಕ್ತರ ನಡುವೆ ಅದನ್ನು ಓಡಿಸುವ ರಿಂಗಣದಲ್ಲಿ ಅದರ ಗೊರಸಿನ ಧೂಳನ್ನು ಹಣೆಗೆ ಹಚ್ಚಿಕೊಂಡ ಚಿತ್ರವನ್ನೂ ಆತ ನಮಗೆ ತೋರಿಸಿದ. ಸ್ವಂತ ಕುದುರೆಯನ್ನು ಹನ್ನೆರಡು ಕಿಲೋಮೀಟರ್ ನಡೆಸಿಕೊಂಡು ಬರಲು ಮಾತ್ರ ಪುರುಸೊತ್ತಿಲ್ಲ.

ಕೊನೆಗೆ ಗೊಣಗುತ್ತ ಜೀಪು ಹತ್ತಿದ.

"ನಾಳೆ ಮತ್ತೆ ಬರುತ್ತಾನೆ" ಎಂದರು ಕಾಕಾ.

"ಕುದುರೆಯ ಜೊತೆಗೋ?"

"ಎಲ್ಲಿಯದು! ಇನ್ನೊಂದು ಫೋಟೋ ತರುತ್ತಾನೆ."