ಮೇಜರ್ ಸಾಹೇಬರ ಎರಡನೇ ಯೂನಿಫಾರ್ಮ್

ಮೀರತ್‌ನಲ್ಲಿ ಮೊದಲ ದಿನವೇ ಊರು ಯಾವುದೆಂದು ಕೇಳಿದರು. ಬಾಗಲಕೋಟೆ ಅಂದೆ. ಯಾರ ಮುಖದಲ್ಲೂ ಏನೂ ಹೊಳೆಯಲಿಲ್ಲ. ಮುಧೋಳದ ಕಡೆ ಅಂದೆ. ‘ಓಹೋ, ನಾಯಿ!’ ಎಂದು ಎಲ್ಲರೂ ಖುಷಿಯಾದರು. ಸೇನೆಯಲ್ಲಿದ್ದ ಹತ್ತು ವರ್ಷವೂ ನನ್ನ ಗುರುತು ಅದೇ ಆಯಿತು. 2016ರಲ್ಲಿ ನಮ್ಮ ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಿಂದ ಮುಧೋಳ ನಾಯಿಮರಿಗಳು ಅದೇ ಮೀರತ್‌ಗೆ ತರಬೇತಿಗೆ ಹೋದವು. ಪೇಪರಿನ ತುಂಬ ಅದೇ ಸುದ್ದಿ. ಅಷ್ಟರಲ್ಲಿ ನಾನು ಊರಿಗೆ ಮರಳಿದ್ದೆ. ಕಟ್ಟೆ ಮೇಲೆ ಕೂತಿದ್ದ ಕಾಕಾ ಪೇಪರ್ ಮಡಚಿ ಹೇಳಿದರು: “ತಮ್ಮಾ, ನೀ ಹೋದಾಗ ಒಂದ ಸಾಲೂ ಬರೀಲಿಲ್ಲ ನೋಡು ಈ ಮಕ್ಕಳು.”

ನಾನಿದ್ದದ್ದು ರಿಮೌಂಟ್ ಆಂಡ್ ವೆಟರ್ನರಿ ಕೋರ್‌ನಲ್ಲಿ. 1779ರಷ್ಟು ಹಿಂದಕ್ಕೆ ಬೇರು ಇರುವ ದಳ. ಕುದುರೆ, ಹೇಸರಗತ್ತೆ, ನಾಯಿಗಳ ಯೋಗಕ್ಷೇಮ ಅದರ ಕೆಲಸ. ಇದನ್ನು ಊರಿನವರಿಗೆ ಎಷ್ಟು ಬಿಡಿಸಿ ಹೇಳಿದರೂ ಅವರ ಕಿವಿಗೆ ಬಿದ್ದದ್ದು ಎರಡೇ ಶಬ್ದ, ಮಿಲಿಟ್ರಿ ಮತ್ತು ಡಾಕ್ಟರ್. ಹಾಗಾಗಿ ದವಾಖಾನೆ ತೆಗೆದ ವಾರದಲ್ಲೇ ಒಬ್ಬ ಅಜ್ಜಿ ಮೊಣಕಾಲು ನೀವಿಕೊಳ್ಳುತ್ತ ಬಂದು ಕೂತಳು.

“ಆಯೀ, ನಾ ದನದ ಡಾಕ್ಟರ್.”

“ಇರ್ಲಿ ಬಿಡಪಾ. ನಲವತ್ತ ವರ್ಷ ಆ ಮನ್ಯಾಗ ದನದಂಗ ದುಡದೇನಿ. ಅದs ಗುಳಗಿ ಕೊಡು.”

ನಾನು ಬೆಳಗಾವಿಯ ಮಿಲಿಟ್ರಿ ಕ್ಯಾಂಟೀನಿಗೆ ಹೊರಟ ಸುದ್ದಿ ಹಬ್ಬಿದ ದಿನವಂತೂ ಊರಿನ ಎಮ್ಮೆಗಳಿಗೆಲ್ಲ ಒಮ್ಮೆಲೇ ಥಂಡಿ ಹತ್ತುತ್ತದೆ. “ಏನಿಲ್ರಿ ಸಾಹೇಬ್ರ, ಒಂದ ಬಾಟ್ಲಿ ರಮ್ ಸಿಕ್ರ ಗೊಟ್ಟ ಹಾಕತಿದ್ದೆ.” ಗೊಟ್ಟ ಯಾರ ಬಾಯಿಗೆ ಎಂದು ನಾನು ಕೇಳುವುದಿಲ್ಲ. ಮರುದಿನ ಆರಾಮಾಗಿ ಕಾಣುವವನು ಯಜಮಾನನೇ.

ನಿಜವಾದ ತೊಡಕು ಬೇರೆಯೇ ಇತ್ತು. ಹತ್ತು ವರ್ಷ ನಾನು ಒಂದು ಕೆಚ್ಚಲನ್ನೂ ಮುಟ್ಟಿರಲಿಲ್ಲ. ಹೇಸರಗತ್ತೆ ಹಾಲು ಕೊಡುವ ಪ್ರಾಣಿ ಅಲ್ಲವಲ್ಲ. ಅದರ ಗೊರಸಿನ ಮೇಲೆ ನಂಬರ್ ಇರುತ್ತದೆ, ಹೆಸರಿನಲ್ಲಿ ಕಡತ ಇರುತ್ತದೆ, ಹಿಡಿದುಕೊಳ್ಳಲು ಸಿಪಾಯಿ ಇರುತ್ತಾನೆ. ಎಮ್ಮೆಗೆ ಇರುವುದು ಮನಸ್ಸು. ಅದೂ ಒಬ್ಬರ ಮೇಲೆ ಮಾತ್ರ.

ಆಗಸ್ಟ್ ತಿಂಗಳು. ಪಕ್ಕದೂರಿನ ಗೌಡರ ಗಂಗಿಗೆ ಕೆಚ್ಚಲು ಬಾವು. ಗೌಡತಿ ಮಗಳ ಬಾಣಂತನಕ್ಕೆ ಸಾಂಗಲಿಗೆ ಹೋಗಿದ್ದರು. ಅವರ ಕೈಯಲ್ಲದೆ ಬೇರೆ ಕೈಗೆ ಗಂಗಿ ಸೊರ ಬಿಡುವುದಿಲ್ಲ. ಮೂರು ದಿನ ಒದೆ ತಿಂದ ಗೌಡರು ನಾಲ್ಕನೆಯ ದಿನ ಹೆಂಡತಿಯ ಇಳಕಲ್ಲ ಸೀರೆ ಉಟ್ಟು ಕೂತಿದ್ದರಂತೆ. ಅರ್ಧ ಸೇರು ಬಿಟ್ಟಿತಂತೆ. ಉಳಿದ ಹಾಲು ಒಳಗೇ ನಿಂತು ಒಂದು ಮೊಲೆ ಕಲ್ಲಾಗಿತ್ತು. ಕೆಚ್ಚಲು ಖಾಲಿ ಮಾಡಿ ಔಷಧದ ಟ್ಯೂಬ್ ಏರಿಸಬೇಕು. ನಾನು ಸೈನ್ಯದಲ್ಲಿ ಕಲಿತ ಹಾಗೆ ಹಿಂಗಾಲು ತಪ್ಪಿಸಿ ಬದಿಯಿಂದ ಹೋದೆ. ಕುದುರೆಯ ಒದೆ ಹಿಂದಕ್ಕೆ ಬರುತ್ತದೆ. ಎಮ್ಮೆ ಕಾಲನ್ನು ಮುಂದಕ್ಕೆ ತಂದು ಬದಿಗೆ ಬೀಸುತ್ತದೆ. ಇದು ಕಾಲೇಜಿನಲ್ಲಿ ಓದಿದ್ದೇ, ಆದರೆ ನೆನಪಾದದ್ದು ಗ್ವಾದಲಿಯಲ್ಲಿ ಅಂಗಾತ ಬಿದ್ದಮೇಲೆ.

“ಸಾಹೇಬ್ರ, ನಾ ಮೂಗದಾಣ ಹಿಡೀತೀನಿ,” ಎಂದರು ಗೌಡರು, ಸೀರೆ ಬಿಚ್ಚುತ್ತ. “ನೀವು ಇದನ್ನ ಸುತ್ತಕೋರಿ.”

ಗೌಡರ ಮಾತಿನಲ್ಲಿ ಶಾಸ್ತ್ರ ಇತ್ತು, ಒಪ್ಪಬೇಕು. ಪರಿಚಿತ ವಾಸನೆ, ಪರಿಚಿತ ಕೈ ಸಿಕ್ಕರೆ ದನದ ಮೈಯಲ್ಲಿ ಆಕ್ಸಿಟೋಸಿನ್ ಸುರಿದು ಹಾಲು ಇಳಿಯುತ್ತದೆ. ಹೆದರಿದರೆ ಅಡ್ರಿನಲಿನ್ ಬಂದು ಎಲ್ಲವನ್ನೂ ಬಿಗಿ ಹಿಡಿಯುತ್ತದೆ. ಆಕ್ಸಿಟೋಸಿನ್ ಸೂಜಿ ನನ್ನ ಬ್ಯಾಗಿನಲ್ಲೇ ಇತ್ತು. ಚುಚ್ಚಲು ಹತ್ತಿರ ಹೋಗಬೇಕಲ್ಲ!

ಗೌಡರ ಅವ್ವ ಕಚ್ಚೆ ಹಾಕಿ ಸೀರೆ ಉಡಿಸಿದಳು. ನನ್ನ ಸೇನೆಯ ಬೆಲ್ಟೂ ಅಷ್ಟು ಬಿಗಿ ಇರಲಿಲ್ಲ. “ಸೆರಗ ಹೊಚ್ಚಗೋಪಾ, ಮೀಸಿ ಕಾಣತಾವು.” ಕೆಂಪು ಸೆರಗು ಎಮ್ಮೆಗೆ ಕೆಂಪಾಗಿ ಕಾಣುವುದಿಲ್ಲ, ಮುಖ್ಯವಾದದ್ದು ವಾಸನೆ, ಎಂದು ವಿವರಿಸಹೊರಟೆ. “ಮಾತಾಡಬ್ಯಾಡ, ದನಿ ಗುರ್ತ ಹಿಡೀತೈತಿ,” ಎಂದಳು.

ಗಂಗಿ ಸೆರಗು ಮೂಸಿತು. ಒಂದು ನಿಟ್ಟುಸಿರು ಬಿಟ್ಟು ಮೆಲುಕು ಹಾಕತೊಡಗಿತು. ಹಾಲು ಇಳಿಯಿತು, ಮೊದಲು ಗರಣೆ ಗರಣೆಯಾಗಿ, ಆಮೇಲೆ ತಿಳಿಯಾಗಿ. ಬಾತ ಮೊಲೆಗೆ ಟ್ಯೂಬ್ ಏರಿಸುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು.

“ಯಕ್ಕಾ, ಮೇಜರ್ ಸಾಹೇಬ್ರು ಇಲ್ಲೇ ಬಂದಾರಂತಲ್ರೀ?”

ಶಾಲೆಯ ಹೆಡ್ ಮಾಸ್ತರರು. ಆಗಸ್ಟ್ 15ರ ಧ್ವಜಾರೋಹಣಕ್ಕೆ ನನ್ನನ್ನು ಕರೆಯಲು, ಕೈಯಲ್ಲಿ ಟೆಂಗಿನಕಾಯಿ ಹಿಡಿದು ಬಂದಿದ್ದರು. ಬಾಯಿ ಬಿಟ್ಟರೆ ಗಂಗಿ ಒದೆಯುತ್ತದೆ, ಬಿಡದಿದ್ದರೆ ಇವರು ಹೋಗುವುದಿಲ್ಲ. ಸೆರಗಿನೊಳಗಿಂದಲೇ ಹೊರಗೆ ಕೈ ತೋರಿಸಿದೆ. ಮಾಸ್ತರರು ಅರ್ಥವಾದವರಂತೆ ತಿರುಗಿದ್ದರು. ಗೌಡರು ಸುಮ್ಮನಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು.

“ಎಲ್ಲಿ ಹೊಂಟ್ರಿ ಸರ? ಅವರs ಇವರ್ರಿ.”

ಮಾಸ್ತರರು ಆ ಕಾಯಿಯನ್ನು ಯಾರ ಉಡಿಗೆ ಹಾಕಬೇಕೆಂದು ಒಂದು ನಿಮಿಷ ನಿಂತೇ ಇದ್ದರು.

ಆಗಸ್ಟ್ 15ರಂದು ಪದಕ ತೊಟ್ಟು, ಬೂಟು ಹೊಳೆಯಿಸಿ ಹೋದೆ. ಸೆಲ್ಯೂಟ್ ಹೊಡೆದಾಗ ಮೂರನೇ ಸಾಲಿನಲ್ಲಿ ಯಾವನೋ ‘ಗಂಗೀ’ ಎಂದ. ಮಾಸ್ತರರು ಅವನ ಕಿವಿ ಹಿಂಡಿದರು, ಮುಖ ಆಚೆ ತಿರುಗಿಸಿ, ಹೆಗಲು ಕುಣಿಸುತ್ತ.

ಮರುವಾರ ಮಹಾಲಿಂಗಪುರದ ಕಡೆಯಿಂದ ಫೋನು. “ಸಾಹೇಬ್ರ, ನಮ್ಮ ಎಮ್ಮಿ ಹಾಲ ಏರಿಸೇತ್ರಿ. ನಿಮ್ಮ ಸೀರಿ ನೀವs ತರ್ತೀರೋ, ನಮ್ಮದs ಒಂದ ತಗದ ಇಡೂಣೋ?”